ಆರನೆಯ ಹಣ್ಣು

ಅಮೆರಿಕಾ ಸಂಯುಕ್ತ ಸಂಸ್ಥಾನದ ಚರಿತ್ರೆಯಲ್ಲಿ ಇತ್ಯರ್ಥವಾಗದೆ ಉಳಿದ ಒಂದು ಪ್ರಶ್ನೆ ಇತ್ತು. ಸಾವಿರದ ಏಳುನೂರ ತೊಂಬತ್ತನಾಲ್ಕರಲ್ಲಿ ಅವರು ಅಚ್ಚು ಹಾಕಿದ ಒಂದು ತಾಮ್ರದ ಸೆಂಟಿನ ಹಿಂಬದಿಯಲ್ಲಿ, ಎಲೆಗಳ ಹಾರದ ಎಡಬದಿಯ ಕೊಂಬೆಯಲ್ಲಿ, ಹಣ್ಣುಗಳು ಐದೋ ಆರೋ ಎಂಬುದು. ಆ ದೇಶದವರು ಸ್ವಾತಂತ್ರ್ಯ ಪಡೆದರು, ತಮ್ಮತಮ್ಮಲ್ಲೇ ಯುದ್ಧ ಮಾಡಿಕೊಂಡರು, ಚಂದ್ರನ ಮೇಲೆ ಹೋಗಿ ಕಲ್ಲು ಹೆಕ್ಕಿ ತಂದರು. ಈ ಒಂದು ಕೆಲಸವನ್ನು ಮಾತ್ರ ಬಾಕಿ ಇಟ್ಟರು. ಕೊನೆಗೆ ಅದು ಎರಡು ಸಾವಿರದ ಐದನೆಯ ಇಸವಿಯಲ್ಲಿ, ಕುವೈತಿನ ಅಬ್ಬಾಸಿಯಾದ ಲಿಫ್ಟ್ ಕೆಟ್ಟ ಕಟ್ಟಡವೊಂದರ ನಾಲ್ಕನೆಯ ಮಾಳಿಗೆಯಲ್ಲಿ, ಡೋಲ್ಫಿ ಡಿಸೋಜರ ಪಾಲಿಗೆ ಬಂತು. ಆಳುಗಳನ್ನು ಆರಿಸುವ ವಿಷಯದಲ್ಲಿ ಚರಿತ್ರೆ ಯಾವತ್ತೂ ಅಷ್ಟು ಜಾಗರೂಕವಾಗಿಲ್ಲ.

ಡೋಲ್ಫಿ ಡಿಸೋಜರು ಸಬ್ಹಾನಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರು. ಅಲ್ಲಿ ತಯಾರಾಗುವುದು ನೀರಿನ ಬಾಟಲಿಯ ಮುಚ್ಚಳ. ಬಾಟಲಿ ಅಲ್ಲ, ನೀರಂತೂ ಅಲ್ಲವೇ ಅಲ್ಲ, ಮುಚ್ಚಳ ಮಾತ್ರ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವರು ಮುಚ್ಚಳಗಳನ್ನು ಒಳಗೆ ತೆಗೆದುಕೊಂಡು ಹೊರಗೆ ಕೊಟ್ಟಿದ್ದರು. ಈ ಅವಧಿಯಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಬಂದಿತ್ತು, ತಲೆಗೂದಲು ಹೋಗಿತ್ತು. ಸನ್ಮಾನ ಮಾತ್ರ ಆಗಿರಲಿಲ್ಲ.

ಇದನ್ನು ಸಣ್ಣ ಸಂಗತಿ ಎಂದು ತಿಳಿಯುವವರು ಕುವೈತನ್ನು ಕಂಡವರಲ್ಲ. ಅಲ್ಲಿ ಮಳೆ ಕಡಿಮೆ, ಶಾಲು ಹೆಚ್ಚು. ಅರಬ್ಬೀ ತೀರ ಕನ್ನಡ ಮಿತ್ರವೃಂದ ಎಂಬ ನಮ್ಮವರ ಸಂಘ ರಕ್ತ ಕೊಟ್ಟವರಿಗೆ ಶಾಲು ಹೊದಿಸುತ್ತದೆ, ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದವರಿಗೂ ಹೊದಿಸುತ್ತದೆ. ಊರಿಗೆ ಖಾಯಂ ಹೊರಟವರಿಗೆ ಹೊದಿಸುತ್ತದೆ. ಅವರು ಅಲ್ಲಿ ಬೇಜಾರಾಗಿ ಹೊಸ ವೀಸಾದಲ್ಲಿ ವಾಪಸು ಬಂದರೆ ಪುನಃ ಹೊದಿಸುತ್ತದೆ. ಡೋಲ್ಫಿಯವರ ಕೆಳಗಿನ ಮಾಳಿಗೆಯ ಜೆರೋಮ್ ಪಿಂಟೊಗೆ ಮೂರು ಸಲ ಆಗಿತ್ತು. ಮೂರನೆಯದು, ಮೊದಲಿನ ಎರಡು ಸನ್ಮಾನಗಳನ್ನು ವಿನಯದಿಂದ ಸ್ವೀಕರಿಸಿದ್ದಕ್ಕೆ. ಒಂದು ಶುಕ್ರವಾರ ಇಗರ್ಜಿಯಿಂದ ಬರುವಾಗ ಜೆರೋಮ್‌ನ ಹೆಂಡತಿ, ಡೋಲ್ಫಿಯವರ ಪತ್ನಿ ಎಲಿಜಬೆತ್ ಬಾಯಿಗೆ, “ಶಾಲು ಇಡ್ಲಿಕ್ಕೆ ನಮ್ಮ ಕಪಾಟು ಸಾಕಾಗುದಿಲ್ಲ ಮಾರಾಯ್ತಿ. ನಿಮ್ಮದರಲ್ಲಿ ಜಾಗ ಉಂಟಲ್ಲ?” ಎಂದು ಕೇಳಿದರು. ಎಲಿಜಬೆತ್ ಬಾಯಿ ಆ ಮಾತನ್ನು ನುಂಗಿಕೊಂಡರು. ಜೀರ್ಣವಾಗಲಿಲ್ಲ.

ನಾಣ್ಯ ಸಿಕ್ಕಿದ್ದು ಶುಕ್ರವಾರದ ಸಂತೆಯಲ್ಲಿ. ಡೋಲ್ಫಿ ಹೋದದ್ದು ಸೂಟ್‌ಕೇಸಿಗೆ ಚಕ್ರ ಹುಡುಕಲು. ಅಲ್ಲೊಬ್ಬ ವ್ಯಾಪಾರಿ, ಅಮೆರಿಕನ್ ಸೈನಿಕರು ಬಿಟ್ಟುಹೋದ ಬೂಟು, ಬಕ್ಕಲು, ಅಂಗಿಗುಂಡಿಗಳನ್ನು ಚಾಪೆಯ ಮೇಲೆ ರಾಶಿ ಹಾಕಿಕೊಂಡು ಕೂತಿದ್ದ. ಚಕ್ರ ಕೊಂಡದ್ದಕ್ಕೆ ಒಂದು ಹಿಡಿ ಗುಂಡಿ ಪುಕ್ಕಟೆ ಸುರಿದ. ಮನೆಗೆ ಬಂದು ನೋಡಿದರೆ ಅವುಗಳ ನಡುವೆ ತೂತಿಲ್ಲದ, ಕಪ್ಪಗಾದ, ದೊಡ್ಡದೊಂದು ಗುಂಡಿ; ಅದರ ಮೇಲೆ ತಲೆ ಕೆದರಿಕೊಂಡ ಒಬ್ಬ ಹೆಂಗಸು.

“ಯಾರಿದು, ಈಗಷ್ಟೇ ಎದ್ದವಳ ಹಾಗೆ?” ಎಂದರು ಎಲಿಜಬೆತ್ ಬಾಯಿ.

ಮಗಳು ಬ್ರೆಂಡಾ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. “ಲಿಬರ್ಟಿ ಅಂತೆ. ಡ್ಯಾಡಿ, ಇಟ್ಸ್ ಜಸ್ಟ್ ಆ್ಯನ್ ಓಲ್ಡ್ ಪೆನ್ನಿ.”

ಬ್ರೆಂಡಾ ಅಲ್ಲಿಗೆ ನಿಲ್ಲಿಸಿದಳು. ಡೋಲ್ಫಿ ಅಲ್ಲಿಂದ ಶುರು ಮಾಡಿದರು.

ಆ ಕಾಲದ ಅಮೆರಿಕಾದಲ್ಲಿ ನಾಣ್ಯದ ಅಚ್ಚನ್ನು ಕೈಯಲ್ಲಿ ಕೆತ್ತುತ್ತಿದ್ದರಂತೆ. ಒಂದು ಅಚ್ಚು ಸವೆದರೆ ಇನ್ನೊಂದು ಕೆತ್ತಬೇಕು. ಕೆತ್ತುವ ಮಹಾಶಯ ಪ್ರತಿಸಲ ಏನಾದರೂ ಒಂದು ಎಡವಟ್ಟು ಮಾಡುತ್ತಿದ್ದ. ಒಂದರಲ್ಲಿ ಹೆಂಗಸಿನ ಕೂದಲಿನ ತುದಿ ಇಸವಿಯ ಅಂಕಿಗೆ ತಾಗುತ್ತದೆ, ಇನ್ನೊಂದರಲ್ಲಿ ತಾಗುವುದಿಲ್ಲ. ಒಂದರಲ್ಲಿ ಎಲೆ ಅಕ್ಷರದ ಕೆಳಗೆ, ಇನ್ನೊಂದರಲ್ಲಿ ಪಕ್ಕಕ್ಕೆ. ಮುಚ್ಚಳದ ಕಾರ್ಖಾನೆಯಲ್ಲಾದರೆ ಇಂಥವನನ್ನು ಸಂಜೆಯೊಳಗೆ ಮನೆಗೆ ಕಳಿಸುತ್ತಿದ್ದರು. ಅಮೆರಿಕಾದವರು ಅವನ ಒಂದೊಂದು ತಪ್ಪಿಗೂ ಒಂದೊಂದು ನಂಬರು ಕೊಟ್ಟು ದಪ್ಪ ಪುಸ್ತಕ ಮಾಡಿದ್ದಾರೆ. ಆ ಪುಸ್ತಕ ಇಟ್ಟುಕೊಂಡು, ತಮ್ಮ ಕೈಯಲ್ಲಿರುವ ಸೆಂಟು ಯಾವ ಅಚ್ಚಿನದು ಎಂದು ಗುರುತು ಹಿಡಿಯುವುದರಲ್ಲೇ ಆಯುಷ್ಯ ಕಳೆಯುವ ಜನ ಅಲ್ಲಿ ಧಾರಾಳವಾಗಿದ್ದಾರೆ. ಅವರಿಗೆ ಹೆಂಡತಿ ಮಕ್ಕಳೂ ಇರುತ್ತಾರಂತೆ.

ಡೋಲ್ಫಿಯವರನ್ನು ಹಿಡಿದು ಅಲುಗಾಡಿಸಿದ್ದು ಒಂದೇ ಒಂದು ಸಂಗತಿ. ಪುಸ್ತಕದಲ್ಲಿಲ್ಲದ ಅಚ್ಚನ್ನು ಯಾರಾದರೂ ಕಂಡುಹಿಡಿದರೆ, ಮುಂದಿನ ಆವೃತ್ತಿಯಲ್ಲಿ ಅವರ ಹೆಸರು ಸೇರಿಸುತ್ತಾರೆ. ಶಾಲು ತೊಳೆದರೆ ಬಣ್ಣ ಹೋಗುತ್ತದೆ. ಪುಸ್ತಕದಲ್ಲಿ ಬಂದ ಹೆಸರು ಹೋಗುವುದಿಲ್ಲ.

ಅವರು ಆ ಪುಸ್ತಕ ತರಿಸಿದರು, ಭೂತಗನ್ನಡಿ ಕೊಂಡರು. ಊಟದ ಮೇಜಿನ ಮೇಲೆ ಬಿಳಿ ಲೈಟು ಹಾಕಿಸಿದರು. ನಾಣ್ಯದ ಮುಖವನ್ನು ಪುಸ್ತಕದ ಚಿತ್ರಗಳ ಜೊತೆ ಕೂದಲು ಕೂದಲಾಗಿ ಹೋಲಿಸಿದರು. ಮುಂದಿನ ಅಚ್ಚು ಹಿಂದಿನ ಅಚ್ಚು ಎರಡೂ ಕೂಡಿದ್ದಕ್ಕೆ ಆ ಶಾಸ್ತ್ರದಲ್ಲಿ ಮದುವೆ ಎನ್ನುತ್ತಾರೆ ಎಂದು ಹೆಂಡತಿಗೆ ತಿಳಿಸಿದರು.

“ಮನೆಯಲ್ಲಿ ಇಪ್ಪತ್ನಾಲ್ಕು ವರ್ಷದ ಹುಡುಗಿ ಉಂಟು, ಅವಳದ್ದು ಚಿಂತೆ ಇಲ್ಲ,” ಎಂದರು ಎಲಿಜಬೆತ್ ಬಾಯಿ. “ಇನ್ನೂರು ವರ್ಷದ ಮುದುಕಿಗೆ ಮದುವೆ ಮಾಡಿಸ್ಲಿಕ್ಕೆ ಹೊರಟಿದ್ದೀರಿ.”

ಆದರೆ ಮುದುಕಿ ಕೈಬಿಡಲಿಲ್ಲ. ಅದೇ ಮುಖದ ನಾಣ್ಯಗಳಿಗೆಲ್ಲ ಹಿಂಬದಿಯಲ್ಲಿ ಎಡಕ್ಕೆ ಆರು, ಬಲಕ್ಕೆ ಆರು ಹಣ್ಣು ಎಂದು ಪುಸ್ತಕ ಹೇಳುತ್ತಿತ್ತು. ಡೋಲ್ಫಿಯವರದರಲ್ಲಿ ಬಲಕ್ಕೆ ಆರು, ಎಡಕ್ಕೆ ಐದು! ಅದೂ ಸಾಲದೆಂದು ಹೆಂಗಸಿನ ಮೂಗಿನಿಂದ ನಾಣ್ಯದ ಅಂಚಿನವರೆಗೆ ಒಂದು ಸಣ್ಣ ಉಬ್ಬುಗೆರೆ. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಹಾಗೆ ಗೆರೆ ಏಳುತ್ತದೆ. ಅದು ಯಾರೂ ವರದಿ ಮಾಡದ ಬಿರುಕು.

ಡೋಲ್ಫಿ ಅಮೆರಿಕಾದ ಸಂಗ್ರಾಹಕರ ಬಳಗಕ್ಕೆ ಇ-ಮೇಲ್ ಹಾಕಿದರು. ಉತ್ತರ ಬರೆದವರು ಮಿಸ್ಟರ್ ಪ್ರೂಯಿಟ್. ಇವರು ಪುಸ್ತಕದ ಹೊಸ ಆವೃತ್ತಿ ತಯಾರಿಸುವ ಸಮಿತಿಯಲ್ಲಿದ್ದವರು. ಹೊಟ್ಟೆಪಾಡಿಗೆ ಜನರೇಟರ್ ರಿಪೇರಿ. “ನೀವು ಹೇಳಿದ್ದು ನಿಜವಾದರೆ ಇದು ಹೊಸ ಅಚ್ಚು. ಅಕ್ಟೋಬರಿನಲ್ಲಿ ಕೆಲಸದ ಮೇಲೆ ಕುವೈತಿನ ಅಮೆರಿಕನ್ ಕ್ಯಾಂಪಿಗೆ ಬರುತ್ತೇನೆ, ಕಣ್ಣಾರೆ ನೋಡುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಅದನ್ನು ತೊಳೆಯಬೇಡಿ, ಒರೆಸಬೇಡಿ, ಏನೂ ಮಾಡಬೇಡಿ. ಒಂದು ಫೋಟೊ ಕಳಿಸಿ.”

ಮೊದಲಿನ ಮೂರು ಆಜ್ಞೆಗಳನ್ನು ಡೋಲ್ಫಿ ದೇವರ ಆಜ್ಞೆಯಂತೆ ಪಾಲಿಸಿದರು. ನಾಲ್ಕನೆಯದಕ್ಕೆ ಒಪ್ಪಲಿಲ್ಲ.

“ಡ್ಯಾಡಿ, ಐ ಹ್ಯಾವ್ ಎ ಗುಡ್ ಕ್ಯಾಮೆರಾ. ಟೂ ಮಿನಿಟ್ಸ್,” ಎಂದಳು ಬ್ರೆಂಡಾ.

“ಬೇಡ. ಫೋಟೊ ಹೋಯ್ತಾ, ಹೆಸರೂ ಹೋಯ್ತು. ಅಲ್ಲಿ ಯಾರಾದ್ರೂ ಅದನ್ನು ತೋರಿಸಿ ನಂದು ಅಂದ್ರೆ?”

“ಕಾಯಿನ್ ನಿಮ್ಮ ಹತ್ರ ಇದೆಯಲ್ಲ!”

“ನಿನಗೆ ಲೋಕ ಗೊತ್ತಿಲ್ಲ ಮಗಳೇ.”

ಲೋಕ ಗೊತ್ತಿದ್ದ ಡೋಲ್ಫಿ ನಾಣ್ಯವನ್ನು ಹತ್ತಿಯಲ್ಲಿ ಸುತ್ತಿ ಫಿಲ್ಮ್ ರೋಲಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಕುಚ್ಚಲಕ್ಕಿಯ ಡ್ರಮ್ಮಿನೊಳಗೆ ಹೂತರು. ಉಸಿರಿನ ತೇವ ತಾಗಿದರೂ ತಾಮ್ರ ಕೆಡುತ್ತದೆಂದು ಎಲ್ಲೋ ಓದಿದ್ದರಿಂದ, ಅಮೆರಿಕಾದವರು ಬರುವ ತನಕ ಮುಚ್ಚಳ ತೆರೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸಂಜೆ ಕೆಲಸದಿಂದ ಬಂದು ಅಕ್ಕಿಗೆ ಕೈ ಹಾಕಿ ಡಬ್ಬಿಯನ್ನು ಹಿಡಿದು ಕೈಯಲ್ಲೇ ತೂಗಿ ನೋಡುವರು. ಭಾರ ಇದೆ. ನೆಮ್ಮದಿ.

ನಾಣ್ಯ ಅಕ್ಕಿಯೊಳಗೆ ಸೇರಿದ ಮೇಲೆ ಅವರ ಸಂಶೋಧನೆ ಕಂಪನಿಯ ಕಂಪ್ಯೂಟರಿನಲ್ಲಿ ಮುಂದುವರಿಯಿತು. ಒಂದು ಮಧ್ಯಾಹ್ನ ಈಜಿಪ್ಟಿನ ಮ್ಯಾನೇಜರ್ ಉಸ್ತಾದ್ ರಿಫಾತ್ ಸ್ಟೋರಿಗೆ ಬಂದಾಗ, ಪರದೆಯ ತುಂಬ ಒಬ್ಬ ಹೆಂಗಸು. ಅವಳ ಕೊರಳಿನ ಹತ್ತಿರ ಭೂತಗನ್ನಡಿ ಹಿಡಿದ ಡೋಲ್ಫಿ.

“ಯಾ ಡೋಲ್ಫಿ! ಯಾರಿವಳು?”

“ಲಿಬರ್ಟಿ, ಸರ್. ಅಮೆರಿಕನ್.”

“ಏನು ನೋಡುತ್ತಿದ್ದೀ?”

“ಕೂದಲು ಸರ್. ಕೆಳಗಿನ ಕೂದಲು ತಾಗುತ್ತದಾ ಇಲ್ಲವಾ ಅಂತ.”

ಉಸ್ತಾದ್ ರಿಫಾತ್ ಬಾಗಿಲು ಹಾಕಿ ಬಂದರು. ದನಿ ತಗ್ಗಿಸಿದರು. “ಕುವೈತಿನಲ್ಲಿದ್ದಾಳಾ?”

“ಇದ್ದಾಳೆ ಸರ್. ನನ್ನ ಮನೆಯಲ್ಲೇ.”

“ಕಫೀಲ್ ಯಾರು? ವೀಸಾಕ್ಕೆ ಜವಾಬ್ದಾರಿ ಯಾರದು?”

“ಸರ್, ಅವಳಿಗೆ ಇನ್ನೂರು ವರ್ಷ ದಾಟಿದೆ.”

“ಅಷ್ಟೂ ವರ್ಷ ವಾಸದ ಇಕಾಮಾ ಇಲ್ಲದೆಯೇ?”

ಅವರು ತಮಾಷೆ ಮಾಡಿದರೋ ಇಲ್ಲವೋ ಡೋಲ್ಫಿಗೆ ಕೊನೆಗೂ ತಿಳಿಯಲಿಲ್ಲ. ಸ್ಟೋರಿನ ಕಂಪ್ಯೂಟರಿಗೆ ಮರುದಿನ ಇಂಟರ್‌ನೆಟ್ ಖಲಾಸ್. ಚಹಾ ತರುವವನಿಂದ ಡ್ರೈವರಿಗೆ, ಡ್ರೈವರಿನಿಂದ ಅಬ್ಬಾಸಿಯಾದ ತರಕಾರಿ ಅಂಗಡಿಗೆ ಸುದ್ದಿ ಬಂತು: ಮುಚ್ಚಳದ ಡೋಲ್ಫಿ ಒಬ್ಬ ಅಮೆರಿಕನ್ ಹೆಂಗಸನ್ನು ಮನೆಯಲ್ಲಿ ಬಚ್ಚಿಟ್ಟಿದ್ದಾನೆ. ವಯಸ್ಸು ಸ್ವಲ್ಪ ಜಾಸ್ತಿ.

ಶುಕ್ರವಾರ ಇಗರ್ಜಿಯ ಅಂಗಳದಲ್ಲಿ ಜೆರೋಮ್‌ನ ಹೆಂಡತಿ ಎಲಿಜಬೆತ್ ಬಾಯಿಯ ಕೈ ಹಿಡಿದುಕೊಂಡು, “ನಾವು ನಿಮ್ಮ ಮನೆಗಾಗಿ ಒಂದು ತೇರ್ಸ ಹೇಳ್ತಿದ್ದೇವೆ,” ಎಂದರು. ಬೇರೆಯವರ ಮನೆಗಾಗಿ ಜಪಸರ ಹಿಡಿದು ಪ್ರಾರ್ಥಿಸುವುದು ಒಳ್ಳೆಯ ಕೆಲಸ. ಹಾಗೆ ಪ್ರಾರ್ಥಿಸುತ್ತಿದ್ದೇವೆಂದು ಅಂಗಳದಲ್ಲಿ ನಿಂತು ಹೇಳುವುದು ಮಾತ್ರ ಬೇರೆಯೇ ಕೆಲಸ. ಎಲಿಜಬೆತ್ ಬಾಯಿ ಅಲ್ಲೇ, ಪಾರ್ಕಿಂಗ್ ಜಾಗದವರೆಗೆ ಕೇಳುವಂತೆ ಘೋಷಿಸಿದರು: “ಹೆಂಗಸಲ್ಲ ಅದು, ನಾಣ್ಯ! ಲೋಕದಲ್ಲಿ ಯಾರ ಹತ್ತಿರವೂ ಇಲ್ಲದ ನಾಣ್ಯ! ಅದನ್ನು ನೋಡ್ಲಿಕ್ಕೆ ಅಮೆರಿಕಾದಿಂದ ಜನ ಬರ್ತಾರೆ. ನಮ್ಮವರ ಹೆಸರು ಪುಸ್ತಕದಲ್ಲಿ ಬರ್ತದೆ. ನಿಮ್ಮವರದ್ದು ಯಾವುದರಲ್ಲಾದ್ರೂ ಬಂದಿದೆಯಾ?”

ಅಮೆರಿಕಾ ಎಂಬ ಶಬ್ದ ಕೇಳಿದ ಕೂಡಲೇ ಮಿತ್ರವೃಂದದ ಕಾರ್ಯದರ್ಶಿ ಲೋಕನಾಥ ನಾಲ್ಕು ಮಾಳಿಗೆ ಹತ್ತಿ ಬಂದ. ಜೊತೆಗೆ ಸಮಿತಿಯ ಆರು ಜನ, ಒಂದು ಕ್ಯಾಮೆರಾ.

“ಡೋಲ್ಫಿ ಪೊರ್ಬುಗಳೇ, ಇದು ಎಂತ ಅನ್ಯಾಯ! ಇಷ್ಟು ದೊಡ್ಡ ಮನುಷ್ಯ ನಮ್ಮ ನಡುವೆ ಇದ್ದು ನಮಗೆ ಗೊತ್ತಿಲ್ಲ!”

“ನಾನು ಹೋದ ವರ್ಷವೂ ಸದಸ್ಯತ್ವ ಕೊಟ್ಟಿದ್ದೇನಲ್ಲ ಲೋಕನಾಥ,” ಎಂದರು ಡೋಲ್ಫಿ.

“ಸದಸ್ಯರು ಬೇರೆ, ದೊಡ್ಡ ಮನುಷ್ಯರು ಬೇರೆ. ನಿಮಗೆ ಸನ್ಮಾನ. ಆ ಅಮೆರಿಕಾದ ದೊರೆಗಳೇ ಮುಖ್ಯ ಅತಿಥಿ. ಅವರು ನಾಣ್ಯ ನೋಡುದಿದ್ದರೆ ಸ್ಟೇಜಿನಲ್ಲೇ ನೋಡ್ಲಿ. ಜನ ಕಣ್ಣು ತುಂಬ ನೋಡ್ಬೇಕು.”

ಬಿಳಿಯ ಮುಖ್ಯ ಅತಿಥಿ ಮಿತ್ರವೃಂದಕ್ಕೆ ಅದುವರೆಗೆ ಸಿಕ್ಕಿರಲಿಲ್ಲ. ಲೋಕನಾಥ ನಾಣ್ಯವನ್ನು ನೋಡಲೇಬೇಕೆಂದು ಹಟ ಹಿಡಿದ. ಅದೊಂದು ಸಲ ಪ್ರತಿಜ್ಞೆ ಸಡಿಲವಾಗಿ ಡಬ್ಬಿ ಹೊರಗೆ ಬಂತು. ಸಮಿತಿಯವರೆಲ್ಲ ಡೋಲ್ಫಿಯವರನ್ನು ಸುತ್ತುವರಿದು, ನಾಣ್ಯವನ್ನು ಎತ್ತಿ ಹಿಡಿದು, ಆಮಂತ್ರಣ ಪತ್ರಿಕೆಗಾಗಿ ಫೋಟೊ ತೆಗೆಸಿಕೊಂಡರು. ಡೋಲ್ಫಿ ಅದಕ್ಕೆ ಅಡ್ಡಿ ಹೇಳಲಿಲ್ಲ. ತಮ್ಮ ಮುಖ ಇರುವ ಫೋಟೊ ಅವರ ದೃಷ್ಟಿಯಲ್ಲಿ ಬೇರೆ ಜಾತಿಯದು.

ಹೊರಡುವಾಗ ಲೋಕನಾಥ ಎಲಿಜಬೆತ್ ಬಾಯಿಯನ್ನು ಅಡುಗೆಮನೆಯ ಬಾಗಿಲಿಗೆ ಕರೆದ.

“ಬಾಯಮ್ಮಾ, ಒಂದು ಮಾತು. ಪೊರ್ಬುಗಳಿಗೆ ಗೊತ್ತಾಗ್ಬಾರ್ದು. ಆ ನಾಣ್ಯ ನೋಡ್ಲಿಕ್ಕೆ ಸುಖ ಇಲ್ಲ. ಕರಿ ಹಿಡಿದ ಕಾವಲಿಯ ಹಾಗೆ ಉಂಟು. ಕೊನೆಯ ಸಾಲಿನಲ್ಲಿ ಕೂತವರಿಗೆ ಎಂತ ಕಾಣ್ತದೆ? ನಾವು ಅದಕ್ಕೆ ಚಿನ್ನದ ನೀರು ಹಾಕಿಸಿ, ಒಂದು ಕೊಕ್ಕೆ ಕೂರಿಸಿ, ಸರದಲ್ಲಿ ಪೋಣಿಸಿ ಅವರದೇ ಕೊರಳಿಗೆ ಹಾಕುದು. ಸರ್ಪ್ರೈಸ್! ಇಷ್ಟರವರೆಗೆ ಯಾರಿಗೂ ಹಾಗೆ ಮಾಡಿಲ್ಲ. ಜೆರೋಮ್‌ಗೂ ಮಾಡಿಲ್ಲ.”

ಕೊನೆಯ ವಾಕ್ಯ ಅಗತ್ಯವಿರಲಿಲ್ಲ. ಆದರೆ ಕೆಲಸ ಮಾಡಿದ್ದು ಅದೇ. “ತಿಕ್ಕಬಾರ್ದು ಅಂತ ಹೇಳ್ತಾರೆ,” ಎಂದರು ಎಲಿಜಬೆತ್ ಬಾಯಿ, ಸ್ವಲ್ಪ ಅನುಮಾನಿಸಿ.

“ತಿಕ್ಕುದು ಎಲ್ಲಿ ಬಾಯಮ್ಮಾ? ಚಿನ್ನ ಹಾಕುದು! ಚಿನ್ನದಿಂದ ಯಾರಿಗಾದ್ರೂ ನಷ್ಟ ಆದದ್ದುಂಟಾ?”

ಈ ತರ್ಕಕ್ಕೆ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಯಾವ ಹೆಂಗಸೂ ಮಣಿಯದೆ ಇದ್ದದ್ದಿಲ್ಲ. ಮರುದಿನ ಡೋಲ್ಫಿ ಕೆಲಸಕ್ಕೆ ಹೋದ ಮೇಲೆ ಲಿಬರ್ಟಿ ಡಬ್ಬಿಯಿಂದ ಹೊರಬಂದಳು. ಅವಳ ಜಾಗಕ್ಕೆ ಒಂದು ನೂರು ಫಿಲ್ಸಿನ ನಾಣ್ಯ, ಅದರ ಜೊತೆ ತೂಕಕ್ಕೆ ಒಂದು ಸ್ಕ್ರೂ ಸೇರಿದವು. ಸಂಜೆ ಡೋಲ್ಫಿ ಎಂದಿನಂತೆ ಕೈಯಲ್ಲಿ ತೂಗಿ ನೋಡಿದರು. ಭಾರ ಇತ್ತು. ಎಂದಿನಂತೆ ನೆಮ್ಮದಿಯೂ ಆಯಿತು.

ಲೋಕನಾಥ ನಾಣ್ಯವನ್ನು ಒಯ್ದದ್ದು ಮೈದಾನ್ ಹವಲ್ಲಿಯ ಕಾಸಿಂ ಕುಂಞಿಯವರ ಅಂಗಡಿಗೆ. ಇವರು ಕೈಗಡಿಯಾರ ರಿಪೇರಿ, ಕನ್ನಡಕದ ಕಾಲು ರಿಪೇರಿ, ಒಡವೆ ರಿಪೇರಿ ಮೂರನ್ನೂ ಒಂದೇ ಮೇಜಿನಲ್ಲಿ ಮಾಡುತ್ತಿದ್ದರು. ಅವರಿಗೆ ಒಂದು ಹೆಮ್ಮೆ ಇತ್ತು: ಗಿರಾಕಿ ಹೇಳಿದ ಕೆಲಸವನ್ನಷ್ಟೇ ಮಾಡಿ ಕೈ ತೊಳೆದುಕೊಳ್ಳುವವರು ಅವರಲ್ಲ. ಮುಳ್ಳು ಸರಿಮಾಡಲು ಕೊಟ್ಟ ಗಡಿಯಾರಕ್ಕೆ ಹೊಸ ಡಯಲು ಹಾಕಿ ಕೊಟ್ಟದ್ದುಂಟು.

“ಚಿನ್ನದ ನೀರು ಮತ್ತೆ ಕೊಕ್ಕೆ. ಅಷ್ಟೇ ಕಾಸಿಮಾಕಾ,” ಎಂದ ಲೋಕನಾಥ.

ಕಾಸಿಂ ಕುಂಞಿ ಕಣ್ಣಿಗೆ ಮಸೂರ ಸಿಕ್ಕಿಸಿ ನಾಣ್ಯವನ್ನು ಅತ್ತಿತ್ತ ತಿರುಗಿಸಿದರು. “ಇದು ಯಾರೋ ಹೊಸಬ ಮಾಡಿದ ಕೆಲಸ ಮಾರಾಯ್ರೆ. ಇರ್ಲಿ, ಬಿಟ್ಟು ಹೋಗಿ. ಸ್ಟೇಜಿಗೆ ಅಲ್ವಾ? ಮರ್ಯಾದೆಗೆ ಕಮ್ಮಿ ಮಾಡುದಿಲ್ಲ.”

ಸನ್ಮಾನದ ದಿನ ಅಬ್ಬಾಸಿಯಾದ ಪಾರ್ಟಿ ಹಾಲಿನಲ್ಲಿ ಜನವೋ ಜನ. ಮಿಸ್ಟರ್ ಪ್ರೂಯಿಟ್ ಎತ್ತರದ, ಮಿತಭಾಷಿ ಮನುಷ್ಯ. ಒಂದು ನಾಣ್ಯ ನೋಡಿ ಹೋಗಲು ಬಂದ ಅವರಿಗೆ ಬಾಗಿಲಲ್ಲೇ ಮೈಸೂರು ಪೇಟ ತೊಡಿಸಿ, ದೀಪ ಹಚ್ಚಿಸಿ, ಮಕ್ಕಳ ಎರಡು ಡ್ಯಾನ್ಸ್ ತೋರಿಸಿದರು. ಅವರು ನಡುನಡುವೆ “ನಾಣ್ಯ?” ಎಂದು ಕೇಳುತ್ತಿದ್ದರು. ಲೋಕನಾಥ, “ಕಮಿಂಗ್, ಕಮಿಂಗ್,” ಎಂದು ಅವರ ಕೈಗೆ ಇನ್ನೊಂದು ಹೂಗುಚ್ಛ ಕೊಡುತ್ತಿದ್ದ.

ಡೋಲ್ಫಿ ಕೋಟಿನ ಜೇಬಿನಲ್ಲಿ ಫಿಲ್ಮ್ ಡಬ್ಬಿ ಇಟ್ಟುಕೊಂಡು, ಅದರ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದರು. ನೋಡಿದವರಿಗೆ ಎದೆನೋವಿರಬೇಕು ಎನಿಸುವಂತೆ. ಲೋಕನಾಥ ಸನ್ಮಾನ ಪತ್ರ ಓದಿದ. “ಹೇ ನಾಣ್ಯಲೋಕದ ನಂದಾದೀಪವೇ! ತಾಮ್ರದ ತಮವನ್ನು ತೊಳೆದ ತರಣಿಯೇ!” ಜೆರೋಮ್ ಎರಡನೆಯ ಸಲ ಗಾನಲೋಕದ ನಂದಾದೀಪವಾಗಿದ್ದ, ಉಳಿದದ್ದೆಲ್ಲ ಅದೇ ದೀಪ, ಅದೇ ತರಣಿ. ಡೋಲ್ಫಿಯವರಿಗೆ ‘ತಾಮ್ರ ತಪಸ್ವಿ’ ಎಂಬ ಬಿರುದು ದಯಪಾಲಿಸಲಾಯಿತು. ಶಾಲು ಬಿತ್ತು. ಮುಂದಿನ ಸಾಲಿನಲ್ಲಿ ಎಲಿಜಬೆತ್ ಬಾಯಿ ತಿರುಗಿ, ಜೆರೋಮ್‌ನ ಹೆಂಡತಿ ನೋಡುತ್ತಿದ್ದಾರೆಯೇ ಎಂದು ನೋಡಿಕೊಂಡರು.

“ಈಗ, ಬಂಧುಗಳೇ, ಯಾರೂ ಕಾಣದ, ಯಾರೂ ಕೇಳದ ಸರ್ಪ್ರೈಸ್!”

ಮಖಮಲ್ಲಿನ ಪೆಟ್ಟಿಗೆ ಬಂತು. ಅದರೊಳಗಿಂದ ಸರ ಎದ್ದಿತು. ಸರದ ತುದಿಯಲ್ಲಿ ಹೊಳೆಹೊಳೆಯುವ ಪದಕ. ಲೋಕನಾಥ ಅದನ್ನು ಡೋಲ್ಫಿಯವರ ಕೊರಳಿಗೆ ಹಾಕಿದ. ಕೊನೆಯ ಸಾಲಿನವರೆಗೂ ಕಾಣಿಸಿತು. ಚಪ್ಪಾಳೆ.

ಡೋಲ್ಫಿ ನಗುತ್ತ ಪದಕವನ್ನು ಕೈಯಲ್ಲಿ ತಿರುಗಿಸಿದರು. ನಕ್ಕೇ ಇದ್ದರು, ಪದಕದ ಮೇಲಿನ ಹೆಂಗಸಿನ ಕೆದರಿದ ಕೂದಲು ಎಲ್ಲೋ ಕಂಡ ಹಾಗಿದೆ ಅನಿಸುವ ತನಕ. ಜೇಬಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಹತ್ತಿಯಿಂದ ನೂರು ಫಿಲ್ಸ್ ಮತ್ತು ಸ್ಕ್ರೂ ವೇದಿಕೆಯ ಮೇಲೆ ಉದುರಿದವು.

“ದಿಸ್... ದಿಸ್ ಈಸ್ ಇಟ್?” ಎಂದರು ಮಿಸ್ಟರ್ ಪ್ರೂಯಿಟ್. ಹೊಸ ಅಚ್ಚಿನ ಆಸೆಯಲ್ಲಿ ಬಂದ ಮನುಷ್ಯ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಆಮೇಲೆ, ಶಾಸ್ತ್ರ ಶಾಸ್ತ್ರವೇ ಎಂಬಂತೆ, ಪೇಟ ಹಿಂದಕ್ಕೆ ತಳ್ಳಿ, ಜೇಬಿನಿಂದ ಮಸೂರ ತೆಗೆದು, ಡೋಲ್ಫಿಯವರ ಎದೆಗೆ ಮುಖವೊಡ್ಡಿ ಹಿಂಬದಿಯ ಹಣ್ಣುಗಳನ್ನು ಪೆನ್ಸಿಲ್ ತುದಿಯಿಂದ ಎಣಿಸತೊಡಗಿದರು. ಡೋಲ್ಫಿಯವರಿಗೆ ಆ ಕ್ಷಣದಲ್ಲೂ ಒಂದು ಆಸೆ ಉಳಿದಿತ್ತು. ಚಿನ್ನದ ನೀರು ಬಿದ್ದರೇನು, ಹಣ್ಣು ಹಣ್ಣೇ ತಾನೆ? ಐದು ಐದೇ ಅಲ್ಲವೇ?

“ಆರು,” ಎಂದರು ಮಿಸ್ಟರ್ ಪ್ರೂಯಿಟ್.

“ಐದು ಸರ್. ಎಡಕ್ಕೆ ಐದು.”

“ಎಡಕ್ಕೆ ಆರು. ಬಲಕ್ಕೆ ಆರು.”

ಮೈಕು ತೆರೆದೇ ಇತ್ತು. ಹಿಂದಿನಿಂದ ಯಾರೋ ಕೂಗಿದರು: “ಬಿಡಿ ಪೊರ್ಬುಗಳೇ, ಒಂದು ಜಾಸ್ತಿ ಉಂಟಲ್ವಾ! ಕಮ್ಮಿ ಇದ್ದರೆ ಜಗಳ ಮಾಡುವಾ!”

“ಮೂಗಿನ ಗೆರೆ ನೋಡಿ ಸರ್! ಮೂಗಿನ ಗೆರೆ!”

ಮಿಸ್ಟರ್ ಪ್ರೂಯಿಟ್ ಪದಕ ತಿರುಗಿಸಿದರು. ಲಿಬರ್ಟಿಯ ಮೂಗಿನ ಮುಂದೆ ನುಣ್ಣಗೆ ಬಯಲು. ಅವರು ನೆಟ್ಟಗೆ ನಿಂತು, ಮೈಕಿನಲ್ಲಿ ಇಂಗ್ಲಿಷಿನಲ್ಲಿ ನಿಧಾನವಾಗಿ, ಇದು ಆ ವರ್ಷದ ಅತ್ಯಂತ ಸಾಮಾನ್ಯ ಅಚ್ಚು, ಅದೂ ಈಗ ಪೂರ್ತಿ ಹಾಳಾಗಿದೆ ಎಂದರು.

ಲೋಕನಾಥ ಕನ್ನಡಕ್ಕೆ ಅನುವಾದಿಸಿದ: “ಇದು ಸಾಮಾನ್ಯ ಜನರ ಪ್ರೀತಿ ಗಳಿಸಿದ ನಾಣ್ಯ, ಇದನ್ನು ನೋಡಿ ತನ್ನ ಮನಸ್ಸು ಪೂರ್ತಿ ಕರಗಿದೆ ಅಂತ ದೊರೆಗಳು ಹೇಳಿದ್ರು!” ಚಪ್ಪಾಳೆ.

“ಐದಿತ್ತು!” ಡೋಲ್ಫಿ ಮೈಕನ್ನೇ ಕಿತ್ತುಕೊಂಡರು. “ನಾನು ನನ್ನ ಕಣ್ಣಿನಲ್ಲಿ ನೋಡಿದ್ದೇನೆ. ಎಡಕ್ಕೆ ಐದೇ ಇತ್ತು! ಆರನೆಯದ್ದು ಎಲ್ಲಿಂದ ಬಂತು?”

ಎರಡನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕಾಸಿಂ ಕುಂಞಿ ಎದ್ದು ನಿಂತರು. ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ಅವರು ಕಾದಿದ್ದ ಹಾಗಿತ್ತು.

“ಅದು ನಾನು ಹಾಕಿದ್ದು!”

ಸಭೆ ಅವರತ್ತ ತಿರುಗಿತು.

“ಒಂದು ಬದಿ ಆರು, ಒಂದು ಬದಿ ಐದು. ಮರ್ಯಾದೆಯ ಕೆಲಸವಾ ಅದು? ದೊಡ್ಡವರ ಕೊರಳಿಗೆ ಹಾಕುವ ಮಾಲಿನಲ್ಲಿ ಹಾಗೆ ಬಿಡ್ಲಿಕ್ಕಾಗ್ತದಾ? ಒಂದು ಹಣ್ಣು ಬೆಸುಗೆ ಹಾಕಿ ಕೂರಿಸಿದೆ. ಎಂತ, ಬೇರೆ ಐದರ ಜೊತೆ ನೋಡಿದ್ರೆ ಗೊತ್ತಾಗ್ತದಾ? ಆ ಅಮೆರಿಕಾದವರಿಗೇ ಗೊತ್ತಾಗ್ಲಿಲ್ಲ!”

“ಮೂಗಿನ ಗೆರೆ?” ಡೋಲ್ಫಿಯವರ ದನಿ ಮೈಕಿನಲ್ಲೂ ಸಣ್ಣಗೆ ಕೇಳಿಸಿತು.

“ಅದಾ? ಆ ಹೆಂಗಸಿನ ಮೂಗಿನಿಂದ ಎಂತದೋ ಇಳಿದ ಹಾಗೆ ಇತ್ತು ಡೋಲ್ಫಿಯವ್ರೇ. ಹೆಂಗಸರು ಮಕ್ಕಳು ಸೇರುವ ಸಭೆ. ಅರ ಹಾಕಿ ತೆಗೆದೆ.” ಕಾಸಿಂ ಕುಂಞಿ ಒಮ್ಮೆ ಎಲ್ಲರನ್ನೂ ನೋಡಿದರು. “ಇದಕ್ಕೆಲ್ಲ ಚಾರ್ಜು ಇಲ್ಲ.”

ಈ ಸಲದ ಚಪ್ಪಾಳೆ ಅಲ್ಲಿಯವರೆಗಿನ ಎಲ್ಲ ಚಪ್ಪಾಳೆಗಿಂತ ಜೋರಾಗಿತ್ತು.

ಡೋಲ್ಫಿ ಕುಂಟುತ್ತ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದರು. ಮಿಸ್ಟರ್ ಪ್ರೂಯಿಟ್ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರು: ಮೊದಲು ಹೇಗಿತ್ತು ಎನ್ನಲು ಒಂದು ಫೋಟೊ ಇದೆಯೇ? ಬ್ರೆಂಡಾ ಮೇಲೆ ಸೀಲಿಂಗ್ ಫ್ಯಾನ್ ನೋಡಿದಳು. ಲೋಕನಾಥ ಮಾತ್ರ ಉತ್ಸಾಹದಿಂದ ಆಮಂತ್ರಣ ಪತ್ರಿಕೆ ತಂದುಕೊಟ್ಟ. ಅದರಲ್ಲಿ ಡೋಲ್ಫಿ ಇದ್ದರು, ಲೋಕನಾಥ ಇದ್ದ, ಸಮಿತಿಯ ಆರೂ ಮಂದಿ ಹಲ್ಲು ಕಿರಿದಿದ್ದರು. ನಾಣ್ಯ ಇರಬೇಕಾದ ಜಾಗದಲ್ಲಿ ಲೋಕನಾಥನ ಹೆಬ್ಬೆರಳು ಇತ್ತು.

ಮಿಸ್ಟರ್ ಪ್ರೂಯಿಟ್ ಹೆಬ್ಬೆರಳನ್ನು ಮಸೂರದಲ್ಲಿ ನೋಡಿದರು. ಆಮೇಲೆ ಹೇಳಿದರು: ಒಂದು ಹಣ್ಣನ್ನು ಇಷ್ಟು ಚೆನ್ನಾಗಿ ಸೇರಿಸಿದವರಿದ್ದರೆ, ಅದಕ್ಕೆ ಮೊದಲು ಒಂದನ್ನು ಇಷ್ಟೇ ಚೆನ್ನಾಗಿ ತೆಗೆದವರೂ ಇರಬಹುದು, ಈ ನಾಣ್ಯದ ಬಗ್ಗೆ ಇನ್ನು ಯಾವ ಮಾತನ್ನೂ ನಂಬುವಂತಿಲ್ಲ.

“ಇಂಥ ಕೈಕೆಲಸ ಅಮೆರಿಕಾದಲ್ಲೇ ಇಲ್ಲ ಅಂತ ದೊರೆಗಳು ಹೇಳಿದ್ರು!” ಎಂದ ಲೋಕನಾಥ. ಶಾಲು ಒಂದು ಉಳಿದಿತ್ತು. ಮಿತ್ರವೃಂದದ ಕಾರ್ಯಕ್ರಮದಲ್ಲಿ ಒಂದು ಯಾವಾಗಲೂ ಉಳಿದಿರುತ್ತದೆ. ಅದನ್ನು ಸ್ಥಳದಲ್ಲೇ ಕಾಸಿಂ ಕುಂಞಿಯವರಿಗೆ ಹೊದಿಸಲಾಯಿತು. ಹೊದಿಸುವ ಗೌರವವನ್ನು ಸನ್ಮಾನಿತರಾದ ಡೋಲ್ಫಿ ಡಿಸೋಜರಿಗೇ ಕೊಟ್ಟರು. ಫೋಟೊ ಸ್ಪಷ್ಟವಾಗಿ ಬಂದಿದೆ. ಅದರಲ್ಲಿ ಡೋಲ್ಫಿ, ಶಾಲನ್ನು ಹೊದಿಸುತ್ತಿದ್ದಾರೋ ಬಿಗಿಯುತ್ತಿದ್ದಾರೋ ಎಂಬ ವಿಷಯದಲ್ಲಿ ಸಮಿತಿಯಲ್ಲಿ ಭಿನ್ನಾಭಿಪ್ರಾಯವಿದೆ.

ಮನೆಗೆ ಬಂದು ಡೋಲ್ಫಿ ಕೋಟು ಬಿಚ್ಚದೆ ಊಟದ ಮೇಜಿನ ಬಿಳಿ ಲೈಟಿನ ಕೆಳಗೆ ಕೂತರು. ಎಲಿಜಬೆತ್ ಬಾಯಿ ಹಣ್ಣಿನ ಬುಟ್ಟಿಯನ್ನು ತಂದು ಎದುರಿಗಿಟ್ಟರು. ಹಣ್ಣು ಎಂಬುದನ್ನು ನೆನೆದು ಅದನ್ನು ಎತ್ತಿಕೊಂಡು ವಾಪಸು ಹೋದರು.

“ಹೇಳದೆ ಯಾಕೆ ಕೊಟ್ಟೆ ಎಲಿ?”

“ನಿಮ್ಮ ಕೊರಳಲ್ಲಿ ಒಂದು ಸಲ ಎಂತಾದ್ರೂ ಹೊಳೀಲಿ ಅಂತ,” ಎಂದರು ಅವರು ಅಡುಗೆಮನೆಯಿಂದ. ಆಮೇಲೆ ಇನ್ನೂ ಜೋರಾಗಿ: “ಐದಕ್ಕೆ ಆರಕ್ಕಿಂತ ಬೆಲೆ ಜಾಸ್ತಿ ಅಂತ ನನಗೆಂತ ಗೊತ್ತು? ಯಾವ ಶಾಲೆಯಲ್ಲಿ ಕಲಿಸ್ತಾರೆ ಅದನ್ನು?”

ತಾಮ್ರ ತಪಸ್ವಿಗಳು ಬಿಳಿ ಲೈಟು ಆರಿಸಿದರು. ಕೆಳಗಿನ ಮಾಳಿಗೆಯಿಂದ ಜೆರೋಮ್‌ನ ನಗೆ ಪೈಪಿನ ಮೂಲಕ ಕೇಳಿಸುತ್ತಿತ್ತು. ಅಥವಾ ಅದು ನೀರಿನ ಮೋಟಾರಿನ ಸದ್ದಾಗಿರಬಹುದು. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಹೊರಡುವ ಮುಂಚೆ ಮಿಸ್ಟರ್ ಪ್ರೂಯಿಟ್ ಒಮ್ಮೆ ಮನೆಗೆ ಬಂದು ಪದಕದ ಎರಡೂ ಬದಿಗಳ ಫೋಟೊ ತೆಗೆದುಕೊಂಡರು. ಡೋಲ್ಫಿ ಈ ಸಲ ಬೇಡವೆನ್ನಲಿಲ್ಲ.

ಪುಸ್ತಕದ ಹೊಸ ಆವೃತ್ತಿ ಎರಡು ವರ್ಷದ ಮೇಲೆ ಬಂತು. ಅದರಲ್ಲಿ ಡೋಲ್ಫಿಯವರ ಹೆಸರು ಇದೆ. ಕೈಯಾಡಿಸಿ ಕೆಡಿಸಿದ ನಾಣ್ಯಗಳ ಅಧ್ಯಾಯದಲ್ಲಿ, ಅರ್ಧ ಪುಟದ ಚಿತ್ರದ ಕೆಳಗೆ, ಆ ಆರನೆಯ ಹಣ್ಣನ್ನು ‘ಡಿಸೋಜಾ ಹಣ್ಣು’ ಎಂದು ಕರೆದು, ಇಂಥದ್ದು ಕಂಡರೆ ಕೊಳ್ಳಬಾರದು ಎಂದು ಬರೆದಿದ್ದಾರೆ.